ಮೂರನೆಯ ಖಾನೆ

ಎಮಿಲ್ಡಾ ಬಾಯಿ ಟೆಂಪೋದಿಂದ ಮೇಜಿಳಿಸಿ
ಸೆರಗಿನಲ್ಲೇ ಅದರ ಮುಖ ಒರೆಸಿದರು.
ಬೀಟೆ. ಎಪ್ಪತ್ತು ವರ್ಷದ್ದು.
ಕಪ್ಪು ಗೆರೆ, ನೇರಳೆ ಗೆರೆ, ನಡುವೆ ಬೆಲ್ಲದ ಬಣ್ಣ.
ಜೆಪ್ಪುವಿನ ನನ್ನ ತಗಡಿನ ಶೆಡ್ಡಿನಲ್ಲೂ
ಬ್ಯಾಂಕಿನ ಮ್ಯಾನೇಜರನಂತೆ ನಿಂತಿತ್ತು.

"ಒಳಗೆ ನೋಡಿ ಆಚಾರ್ರೆ,
ನಮ್ಮಪ್ಪನಿಗೆ ಮೋಸ ಆಗಿದೆ."

ಮೊದಲನೆಯ ಖಾನೆ ಎಳೆದೆ.
ಎಳೆದೆ ಎನ್ನುವುದು ತಪ್ಪು, ಬೆರಳು ತಾಗಿಸಿದ್ದಷ್ಟೆ,
ತಾನಾಗಿ ಬಂತು.
ಮುಂದಿನ ಹಲಗೆ ಮಾತ್ರ ಬೀಟೆ; ಬದಿಗಳು ಮಾವು;
ಅಡಿಗೆ ಯಾವುದೋ ಹಡಗಿನಲ್ಲಿ ಬಂದ ಪೆಟ್ಟಿಗೆಯ ಬಿಳಿಮರ,
ಅರ್ಧ ಅಳಿಸಿದ ಇಂಗ್ಲಿಷ್ ಅಕ್ಷರ, ಒಂದು ಬಾಣ.
ಬಾಣ ಮೇಲೆ ತೋರಿಸಬೇಕಿತ್ತು;
ಬಾಗಿಲ ಕಡೆ ತೋರಿಸುತ್ತಿತ್ತು.

"ಟೈಪಿಂಗ್ ಕಲಿಸಿ ಕಲಿಸಿ ಕೂಡಿಟ್ಟ ದುಡ್ಡು.
ಹೊರಗೆ ಬೀಟೆ, ಒಳಗೆ ಸೌದೆ!
ಎಲ್ಲ ಕಿತ್ತು ಬೀಟೆಯನ್ನೇ ಹಾಕಿ.
ಈಗ ನನ್ನ ಪೆನ್ಶನ್ ಉಂಟು."

ಕೆಲಸ ಬಂದಾಗ ಮಾತಾಡಬಾರದು ಅಂತ
ಗುರು ಬಾಬುರಾಯ ಆಚಾರಿ ಹೇಳಿದ್ದುಂಟು.
ಸುಮ್ಮನೆ ಖಾನೆಯ ಬೆನ್ನು ತಿರುಗಿಸಿದೆ.
ಪೆನ್ಸಿಲ್ಲಿನಲ್ಲಿ: ಎಡ ೧. ಕೆಳಗೆ ಸಣ್ಣಕ್ಕೆ,
ಬಂಗುಡೆ ಬಾಕಿ ಆರಾಣೆ.
ಸತ್ತವನ ಅಕ್ಷರ. ತೀರಿಸಿದನೋ ಇಲ್ಲವೋ.
ಮೋಸಗಾರ ಮೀನಿನ ಬಾಕಿ ಬರೆದಿಡುವುದಿಲ್ಲ
ಅಂತ ಅನ್ನಿಸಿತು; ಅದು ಪುರಾವೆಯಲ್ಲ ಬಿಡಿ.

ಹೇಳುವುದಾದರೆ ಹೀಗೆ ಹೇಳಬೇಕಿತ್ತು:
ಬೀಟೆಯ ಮೇಲೆ ಬೀಟೆ ಜಾರುವುದಿಲ್ಲ,
ಇಬ್ಬರು ಮೊಕ್ತೇಸರರು ಒಂದೇ ಬೆಂಚಿನಲ್ಲಿ ಕೂತ ಹಾಗೆ.
ಹಲಸಾದರೆ ಬಿಳಿಬಟ್ಟೆಗೆ ಅರಸಿನದ ಕಲೆ.
ರಬ್ಬರ್ ಮರ ಅಗ್ಗ; ಆಟಿಯಲ್ಲಿ ನೀಲಿಗಟ್ಟುತ್ತದೆ.
ಹಾಲೆ ಹಗುರ, ಕೊರೆಹುಳಕ್ಕೆ ಪಾಯಸ.
ಬೋಗಿ ಸಮುದ್ರಕ್ಕೆ ಹೋಗುವ ಮರ,
ಅದನ್ನು ಗುಂಡುಸೂಜಿ ಕಾಯಲು ಕೂರಿಸುವುದು ಅವಮಾನ.
ಮಾವು ತನ್ನ ಪಾಡಿಗಿರುತ್ತದೆ. ಬಣ್ಣ ಬಿಡುವುದಿಲ್ಲ.
ಎರಡು ಮಳೆಗಾಲ ಮಾಡಿನಡಿ ಒಣಗಿಸಿದರೆ
ಮತ್ತೆ ಯಾರ ತಂಟೆಗೂ ಬಾರದು.
ಮೇ ತಿಂಗಳಲ್ಲಿ ಮಾಡುವ ಖಾನೆಗೆ
ಜುಲೈಯ ಮೈಯಷ್ಟು ಜಾಗ ಬಿಡಬೇಕು,
ಒಂದು ಪೋಸ್ಟ್‌ಕಾರ್ಡಿನ ದಪ್ಪ.

ಇದೆಲ್ಲ ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟೆ:
"ಮೂರನೆಯದು ತೆರೆಯಿರಿ ಬಾಯಮ್ಮ."

"ಅದು ತೆರೆಯುವುದಿಲ್ಲ. ಅದೊಂದೇ ಗಟ್ಟಿ.
ಹಳೆಯದನ್ನು ಒರಲೆ ತಿಂತು ಅಂತ ಅಪ್ಪನೇ ಬೇರೆಯವರಿಂದ
ಪೂರ್ತಿ ಬೀಟೆಯಲ್ಲಿ ಮಾಡಿಸಿದ್ದು,
ನಾನಾಗ ಎಂಟನೇ ಕ್ಲಾಸು..."
ಎಂದವರು ಅಲ್ಲಿಗೇ ನಿಂತರು.

ಹಿಂದಿನ ಹಲಗೆ ಬಿಚ್ಚಿ, ಸುತ್ತಿಗೆಯ ಹಿಡಿಯಿಂದ ತಟ್ಟಿ
ಮುಕ್ಕಾಲು ಗಂಟೆ. ಕಿರುಚಿತು. ಬಂತು.
ಒಂದಕ್ಕೊಂದು ಅಂಟಿದ ಒಂದು ಡಜನ್ ಕಾರ್ಬನ್ ಹಾಳೆ,
ಒಣಗಿದ ರಿಬ್ಬನ್, ಅರ್ಧ ರಬ್ಬರು.
ಬಾಯಮ್ಮ ಹಾಳೆಯೊಂದನ್ನು ಬಿಡಿಸಿ ಬೆಳಕಿಗೆ ಹಿಡಿದರು,
ತುಸು ಹೊತ್ತು ತುಟಿ ಆಡಿಸಿ
ಕೈಚೀಲದೊಳಗೆ ಇಟ್ಟುಕೊಂಡರು.
ನಾನು ಕೇಳಲಿಲ್ಲ.

ಮರುದಿನ ಕುದ್ರೋಳಿಯ ಇದಿನಬ್ಬರ ಮಿಲ್ಲು.
ಹೈವೇ ಅಗಲ ಮಾಡುವಾಗ ಬಿದ್ದ ಕಾಟುಮಾವು,
ಮೂರು ವರ್ಷದ ಹಿಂದೆ ಸಿಗಿದಿಟ್ಟದ್ದು.
ಉಗುರಿನಲ್ಲಿ ಕೆರೆದೆ, ಮೂಸಿದೆ, ನಾಲಿಗೆ ತಾಗಿಸಿದೆ.
"ಎಂತ, ಉಪ್ಪಿನಕಾಯಿ ಹಾಕ್ಲಿಕ್ಕುಂಟಾ?"
ಇದಿನಬ್ಬರಿಗೆ ನಗು.

ಮುಂದಕ್ಕೆ ಅದೇ ಬೀಟೆ, ಹಿಂದಕ್ಕೆ ಮಾವು,
ಅಡಿಯಲ್ಲಿ ಮೊಂಬತ್ತಿ ಉಜ್ಜಿ ಸೇರಿಸಿದ ದಿನ
ಬಾಯಮ್ಮ ಬಂದು ಬೆರಳು ತಾಗಿಸಿದರು. ಬಂತು.
ದೂಡಿದರು. ಹೋಯಿತು;
ಹೋಗುವಾಗಿನ ಗಾಳಿಗೆ ಮೇಲಿನದು
ಅರ್ಧ ಇಂಚು ಹೊರಗೆ ಇಣುಕಿತು.
ಮತ್ತೆ ದೂಡಿದರು. ಮತ್ತೆ ಇಣುಕಿತು.
ಆರೇಳು ಸಲ, ಮಕ್ಕಳ ಹಾಗೆ.

ಆಮೇಲೆ ಕನ್ನಡಕ ಮೇಲೇರಿಸಿ ಕೇಳಿದರು:
"ಒಳಗೆ ಮಾವೇ ಅಲ್ವ ಆಚಾರ್ರೆ,
ರೇಟು ಸ್ವಲ್ಪ ಕಡಿಮೆ ಆಗ್ತದಲ್ಲ?"

ಖಾನೆ ಹೊರಗೆಳೆದು ಬೆನ್ನು ತಿರುಗಿಸಿ
ಕಿವಿಯ ಮೇಲಿನ ಪೆನ್ಸಿಲ್ ತೆಗೆದೆ.
ಎಡ ೩. ಅದರ ಕೆಳಗೆ,
ಬಾಕಿ ಇನ್ನೂರು.